ಕಂಪನಿ ಸೆಂಟ್ರಲ್ ಲಾಕ್‌ಗೆ ಹೊರಗಿನ ಅಲಾರ್ಮ್ ಜೋಡಿಸುವುದು: ಮೊದಲು ಮೀಟರ್, ಆಮೇಲೆ ಕಟಿಂಗ್ ಪ್ಲೇಯರ್

"ಸೆಂಟರ್ ಲಾಕ್ ಇದೆ ಅಣ್ಣ, ರಿಮೋಟೂ ಸೈರನ್ನೂ ಹಾಕಿಕೊಡಿ." ಮೈಸೂರು, ಮಂಡ್ಯ ಕಡೆಯ ಕಾರ್ ಆಕ್ಸೆಸರೀಸ್ ಅಂಗಡಿಗಳಲ್ಲಿ ಈ ಮಾತು ಹೊಸದಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಕಾರು ಮಧ್ಯಮ ವೇರಿಯೆಂಟ್ ಆಗಿರುತ್ತದೆ. ಡ್ರೈವರ್ ಬಾಗಿಲಲ್ಲಿ ಕೀ ತಿರುಗಿಸಿದರೆ ನಾಲ್ಕೂ ಬಾಗಿಲು ಲಾಕ್ ಆಗುತ್ತವೆ, ಆದರೆ ರಿಮೋಟೂ ಇಲ್ಲ, ಅಲಾರ್ಮೂ ಇಲ್ಲ. ಮನೆಯ ಕಾಂಪೌಂಡಿನೊಳಗೆ ಜಾಗವಿಲ್ಲದೆ ಕಾರು ರಾತ್ರಿಯೆಲ್ಲ ರಸ್ತೆ ಬದಿಯಲ್ಲೇ ನಿಲ್ಲುತ್ತದೆ. ಹೀಗಿರುವವರು ಕಿಟ್ ತಂದು ಹಾಕಿಸಿಕೊಳ್ಳುವುದು ಸರಿಯಾದ ಯೋಚನೆಯೇ.

ಕಿಟ್‌ನಲ್ಲಿ ಹತ್ತಿಪ್ಪತ್ತು ವೈರ್ ಇದ್ದರೂ ಕಾರಿಗೆ ನಿಜವಾದ ಅಪಾಯ ಇರುವುದು ಲಾಕ್‌ಗೆ ಹೋಗುವ ಆರು ವೈರ್‌ಗಳಲ್ಲಿ. ನಿಮ್ಮ ಕಾರಿನ ಲಾಕ್ ಯಾವ ಬಗೆಯದು ಎಂದು ಅಳೆಯದೆ ಆ ಆರನ್ನು ಸೇರಿಸಿದರೆ ಫ್ಯೂಸ್ ಹೋಗುವುದು ಕನಿಷ್ಠ ನಷ್ಟ. ಕಂಪನಿಯ ಲಾಕ್ ಯೂನಿಟ್ ಸುಡುವುದು ದೊಡ್ಡ ನಷ್ಟ. ಅದಕ್ಕೇ ಈ ಲೇಖನದಲ್ಲಿ ಜೋಡಣೆಗಿಂತ ಅಳತೆಯ ಮಾತು ಹೆಚ್ಚು.

ಯಾವ ಕಾರಿಗೆ ಈ ಕೆಲಸ ಬೇಡ

ಪುಶ್ ಬಟನ್ ಸ್ಟಾರ್ಟ್ ಇರುವ ಕಾರುಗಳಲ್ಲಿ, ಬಾಡಿ ಕಂಟ್ರೋಲ್ ಮಾಡ್ಯೂಲ್ (ಬಾಗಿಲು, ದೀಪಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್) ಮೂಲಕವೇ ಎಲ್ಲವೂ ನಡೆಯುವ ಹೊಸ ಕಾರುಗಳಲ್ಲಿ ಬಾಗಿಲಿನ ಆಜ್ಞೆ ಹೋಗುವುದು ಕ್ಯಾನ್ ಬಸ್ ಎಂಬ ಡೇಟಾ ವೈರ್‌ಗಳಲ್ಲಿ. ಒಂದಕ್ಕೊಂದು ಹೆಣೆದುಕೊಂಡ ಎರಡು ತೆಳು ವೈರ್‌ಗಳು ಸಿಕ್ಕಿ, ಎರಡರಲ್ಲೂ ಮಲ್ಟಿಮೀಟರ್ 2.5 ವೋಲ್ಟ್ ಆಸುಪಾಸು ತೋರಿಸಿದರೆ ಅವನ್ನು ಮುಟ್ಟಬೇಡಿ. ಅಲ್ಲಿಗೆ ಅರ್ಥ್ ಅಥವಾ 12 ವೋಲ್ಟ್ ಕೊಟ್ಟರೆ ಲಾಕ್ ಬೀಳುವುದಿಲ್ಲ. ಮೀಟರ್ ಕನ್ಸೋಲಿನಲ್ಲಿ ಸಾಲುಸಾಲು ವಾರ್ನಿಂಗ್ ದೀಪ ಹತ್ತುತ್ತವೆ, ಕೆಲವೊಮ್ಮೆ ಮಾಡ್ಯೂಲೇ ಹೋಗುತ್ತದೆ. ಇಂಥ ಕಾರಿಗೆ ಆಯಾ ಮಾಡೆಲ್‌ಗೆಂದೇ ಬರುವ ಕಪ್ಲರ್ ಕಿಟ್ ತೆಗೆದುಕೊಳ್ಳಿ. ವಾರಂಟಿ ಇನ್ನೂ ಬಾಕಿಯಿರುವ ಕಾರಿಗೂ ಇದೇ ಮಾತು: ವೈರ್ ಕತ್ತರಿಸಿದ್ದು ಕಂಡರೆ ಸರ್ವೀಸ್ ಸೆಂಟರಿನವರು ಎಲೆಕ್ಟ್ರಿಕಲ್ ವಾರಂಟಿ ಕೊಡಲು ಒಪ್ಪದಿರಬಹುದು.

ಕಂಪನಿ ರಿಮೋಟ್ ಈಗಾಗಲೇ ಇದ್ದು ಸೈರನ್ ಮಾತ್ರ ಬೇಕಾದರೆ ಕೆಲಸವೇ ಬೇರೆ. ಆಗ ಕಾರಿನ ಲಾಕ್ ಪಲ್ಸನ್ನು (ಕ್ಷಣಕಾಲದ ವಿದ್ಯುತ್ ಸೂಚನೆಯನ್ನು) ಕೇಳಿಸಿಕೊಂಡು ತಾನೇ ಆರ್ಮ್ ಆಗುವ, ಎಂದರೆ ಕಾವಲಿಗೆ ನಿಲ್ಲುವ ಕಿಟ್ ಕೇಳಿ ಪಡೆಯಿರಿ. ಅದರಲ್ಲಿ ಆರು ವೈರ್‌ಗಳ ತಲೆನೋವು ಇರುವುದಿಲ್ಲ.

ತಂದಿಟ್ಟುಕೊಳ್ಳಬೇಕಾದದ್ದು

ಕಿಟ್ ಕೊಳ್ಳುವಾಗ ಪ್ರತಿ ಸಲ ಒತ್ತಿದಾಗಲೂ ಕೋಡ್ ಬದಲಾಗುವ ರೋಲಿಂಗ್ ಕೋಡ್ ರಿಮೋಟ್ ಇರುವುದನ್ನೇ ಕೇಳಿ. ಸ್ಥಿರ ಕೋಡಿನ ಅಗ್ಗದ ರಿಮೋಟಿನ ಸಿಗ್ನಲ್ಲನ್ನು ಒಮ್ಮೆ ಹಿಡಿದಿಟ್ಟುಕೊಂಡವರು ಅದನ್ನೇ ಮತ್ತೆ ಕಳಿಸಿ ಬಾಗಿಲು ತೆರೆಯಬಹುದು. ಸೆಂಟ್ರಲ್ ಲಾಕ್ ಇರುವ ಕಾರಿಗೆ ನಾಲ್ಕು ಗನ್ (ಆಕ್ಚುಯೇಟರ್, ಬಾಗಿಲಿನ ಲಾಕ್ ರಾಡ್ ತಳ್ಳುವ ಮೋಟಾರ್) ಇರುವ ಕಿಟ್ ಬೇಕಿಲ್ಲ. ಮಾಡ್ಯೂಲ್, ಎರಡು ರಿಮೋಟ್, ಸೈರನ್, ಶಾಕ್ ಸೆನ್ಸರ್, ಎಲ್‌ಇಡಿ, ವ್ಯಾಲೆ ಬಟನ್ (ಅಲಾರ್ಮನ್ನು ತಾತ್ಕಾಲಿಕವಾಗಿ ನಿಲ್ಲಿಸಿಡುವ ಗುಂಡಿ) ಇದ್ದರೆ ಸಾಕು.

ಜೊತೆಗೆ ಬೇಕಾದವು: ಡಿಜಿಟಲ್ ಮಲ್ಟಿಮೀಟರ್, 15 ಆಂಪಿಯರಿನ ಎರಡು ಬ್ಲೇಡ್ ಫ್ಯೂಸ್, ಅವುಗಳ ಹೋಲ್ಡರ್, 1 ಆಂಪಿಯರ್ ಫ್ಯೂಸ್ ಹಾಕಿದ ಒಂದು ಮೊಳ ಉದ್ದದ ಜಂಪರ್ ವೈರ್, ಪವರ್‌ಗೆ ಮತ್ತು ಲಾಕ್ ಮೋಟಾರ್‌ಗೆ 1.5 ಚದರ ಮಿಲಿಮೀಟರ್ ವೈರ್ ನಾಲ್ಕು ಮೀಟರ್, ಸಿಗ್ನಲ್‌ಗೆ 0.5 ಅಥವಾ 0.75ರದ್ದು ಐದು ಮೀಟರ್; 1ಎನ್4007 ಡಯೋಡ್ ಆರು; 25 ವಾಟಿನ ಸೋಲ್ಡರಿಂಗ್ ಐರನ್ ಮತ್ತು ಲೆಡ್; ಶ್ರಿಂಕ್ ಸ್ಲೀವ್; ವೈರಿಂಗ್ ಹಾರ್ನೆಸ್‌ಗೆ ಸುತ್ತುವ ಬಟ್ಟೆ ಟೇಪ್; ರಿಂಗ್ ಟರ್ಮಿನಲ್; ಕೇಬಲ್ ಟೈ; ಬಾನೆಟ್ ಒಳಗಿನ ವೈರ್‌ಗೆ ಹಾಕಲು ಸುರುಳಿ ಪೈಪ್. ಮಾಮೂಲಿ ಪಿವಿಸಿ ಇನ್ಸುಲೇಷನ್ ಟೇಪನ್ನು ಮಾತ್ರ ನಂಬಬೇಡಿ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ಅದರ ಅಂಟು ಕರಗಿ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಟೇಪ್ ಬಿಚ್ಚಿಕೊಂಡು ಜೋತಾಡುತ್ತದೆ.

ಟೆಸ್ಟ್ ಲ್ಯಾಂಪಿನ ಬಗ್ಗೆ ಒಂದು ಎಚ್ಚರಿಕೆ. ಬಲ್ಬ್ ಇರುವ ಟೆಸ್ಟ್ ಲ್ಯಾಂಪನ್ನು ಡ್ಯಾಶ್‌ಬೋರ್ಡ್ ಕೆಳಗೆ ಗೊತ್ತಿಲ್ಲದ ವೈರ್‌ಗಳಿಗೆ ಚುಚ್ಚಿ ನೋಡುವ ಅಭ್ಯಾಸ ಅಪಾಯ. ಬಲ್ಬ್ ಎಳೆಯುವ ಕರೆಂಟ್ ಇಸಿಯು (ಎಂಜಿನ್ ಕಂಪ್ಯೂಟರ್) ಔಟ್‌ಪುಟ್‌ಗಳಿಗೆ, ಏರ್‌ಬ್ಯಾಗ್ ಸರ್ಕ್ಯೂಟ್‌ಗೆ ಹೆಚ್ಚಾಗುತ್ತದೆ. ಹಳದಿ ಕಪ್ಲರ್ ಅಥವಾ ಹಳದಿ ಸ್ಲೀವ್ ಇರುವ ವೈರ್ ಬಹುತೇಕ ಏರ್‌ಬ್ಯಾಗಿನದು. ಅದಕ್ಕೆ ಮೀಟರ್ ಕೂಡ ಇಡಬೇಡಿ.

ಕಿಟ್‌ನ ಆರು ವೈರ್‌ಗಳನ್ನು ಟೇಬಲ್ ಮೇಲೇ ಅರ್ಥಮಾಡಿಕೊಳ್ಳಿ

ಮಾಡ್ಯೂಲಿನೊಳಗೆ ಲಾಕ್‌ಗೆ ಒಂದು ರಿಲೇ (ಕರೆಂಟಿನಿಂದ ತಾನೇ ಬಡಿಯುವ ಸ್ವಿಚ್), ಅನ್‌ಲಾಕ್‌ಗೆ ಒಂದು ರಿಲೇ ಇರುತ್ತವೆ. ಪ್ರತಿ ರಿಲೇಯಿಂದ ಮೂರು ವೈರ್ ಹೊರಬರುತ್ತವೆ: ಕಾಮನ್, ಎನ್‌ಸಿ, ಎನ್‌ಒ. ರಿಲೇ ಸುಮ್ಮನಿದ್ದಾಗ ಕಾಮನ್ ವೈರ್ ಎನ್‌ಸಿ ಜೊತೆ ಕೂಡಿರುತ್ತದೆ. ರಿಮೋಟ್ ಒತ್ತಿದಾಗ ಸುಮಾರು ಅರ್ಧ ಸೆಕೆಂಡ್ ಎನ್‌ಸಿಯನ್ನು ಬಿಟ್ಟು ಎನ್‌ಒ ಜೊತೆ ಕೂಡುತ್ತದೆ. ಇಷ್ಟೇ ವಿಷಯ. ಮುಂದಿನ ಜೋಡಣೆಗಳೆಲ್ಲ ಈ ಮೂರನ್ನು ಎಲ್ಲೆಲ್ಲಿಗೆ ಕೊಡಬೇಕು ಎಂಬುದರ ಮೇಲೇ ನಿಂತಿವೆ.

ಹಲವು ಕಿಟ್‌ಗಳಲ್ಲಿ ಬಿಳಿ ವೈರ್ ಲಾಕ್‌ನ ಕಾಮನ್, ಬಿಳಿ-ಕಪ್ಪು ಅದರ ಎನ್‌ಸಿ, ಕಿತ್ತಳೆ ಅದರ ಎನ್‌ಒ. ಹಳದಿ ಅನ್‌ಲಾಕ್‌ನ ಕಾಮನ್, ಹಳದಿ-ಕಪ್ಪು ಎನ್‌ಸಿ, ಕಿತ್ತಳೆ-ಕಪ್ಪು ಎನ್‌ಒ ಆಗಿರುತ್ತದೆ. ಆದರೆ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಎರಡು ಬ್ಯಾಚ್‌ಗಳ ನಡುವೆಯೂ ಬಣ್ಣ ಬದಲಾಗುತ್ತದೆ. ಹಾಗಾಗಿ ಡಬ್ಬಿಯಲ್ಲಿ ಬಂದ ಚೀಟಿಯನ್ನು ಓದಿ, ಮೀಟರಿನಿಂದ ಖಚಿತ ಮಾಡಿಕೊಳ್ಳಿ.

ಮೀಟರನ್ನು ಬೀಪ್ ಬರುವ ಕಂಟಿನ್ಯುಟಿಗೆ ಇಡಿ. ಮಾಡ್ಯೂಲಿಗೆ ಪವರ್ ಕೊಟ್ಟಿರಬಾರದು. ಆರು ವೈರ್‌ಗಳಲ್ಲಿ ಬೀಪ್ ಬರುವ ಜೋಡಿಗಳು ಎರಡೇ ಇರಬೇಕು. ಒಂದೊಂದು ಜೋಡಿಯೂ ಒಂದು ರಿಲೇಯ ಕಾಮನ್ ಮತ್ತು ಎನ್‌ಸಿ. ಉಳಿದ ಎರಡು ವೈರ್‌ಗಳು ಎನ್‌ಒ. ಈಗ ಬೇರೊಂದು 12 ವೋಲ್ಟ್ ಬ್ಯಾಟರಿಯಿಂದ ಮಾಡ್ಯೂಲಿನ ಕೆಂಪು ಮತ್ತು ಕಪ್ಪು ವೈರ್‌ಗೆ ಪವರ್ ಕೊಟ್ಟು, ಮೀಟರಿನ ಒಂದು ಮೊನೆಯನ್ನು ಎನ್‌ಒ ವೈರ್‌ಗೆ, ಇನ್ನೊಂದನ್ನು ಜೋಡಿಯ ಒಂದು ವೈರ್‌ಗೆ ಹಿಡಿದು ರಿಮೋಟಿನಲ್ಲಿ ಲಾಕ್ ಒತ್ತಿ. ಟಕ್ ಎಂದು ರಿಲೇ ಬಡಿದಾಗ ಬೀಪ್ ಬಂದರೆ ಅದೇ ಲಾಕ್‌ನ ಕಾಮನ್. ಬಾರದಿದ್ದರೆ ಜೋಡಿಯ ಇನ್ನೊಂದು ವೈರ್ ಹಿಡಿದು ನೋಡಿ. ಆರಕ್ಕೂ ಕಾಗದದ ಚೀಟಿ ಅಂಟಿಸಿ ಹೆಸರು ಬರೆದುಬಿಡಿ. ಇದೇ ಹೊತ್ತಿಗೆ ಸೈರನ್, ಎಲ್‌ಇಡಿ, ಎರಡೂ ರಿಮೋಟ್ ಕೆಲಸ ಮಾಡುತ್ತಿವೆಯೇ ನೋಡಿಕೊಳ್ಳಿ. ಕೆಟ್ಟ ಮಾಡ್ಯೂಲ್ ಎಂದು ಡ್ಯಾಶ್‌ಬೋರ್ಡ್ ಮುಚ್ಚಿದ ಮೇಲೆ ಗೊತ್ತಾದರೆ ಅಷ್ಟೂ ದುಡಿಮೆ ವ್ಯರ್ಥ.

ಕೆಲವು ಮಾಡ್ಯೂಲ್‌ಗಳಲ್ಲಿ ಪಲ್ಸ್ ಅವಧಿ ಬದಲಿಸುವ ಪುಟ್ಟ ಜಂಪರ್ ಇರುತ್ತದೆ: ಅರ್ಧ ಸೆಕೆಂಡ್ ಅಥವಾ ಮೂರೂವರೆ ಸೆಕೆಂಡ್. ಉದ್ದದ್ದು ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ಹಳೆಯ ವ್ಯಾಕ್ಯೂಮ್ ಲಾಕ್‌ಗೆ. ನಮ್ಮ ಕಾರುಗಳಿಗೆ ಅರ್ಧ ಸೆಕೆಂಡೇ ಬೇಕು. ಉದ್ದದ ಪಲ್ಸ್ ಕೊಟ್ಟರೆ ಗನ್‌ಗಳು ತುದಿ ಮುಟ್ಟಿದ ಮೇಲೂ ಕರೆಂಟ್ ಎಳೆದು ಬಿಸಿಯಾಗಿ ಬೇಗ ಸಾಯುತ್ತವೆ.

ಕಾರಿನ ಲಾಕ್ ಯಾವ ಬಗೆಯದು?

ಡ್ರೈವರ್ ಸೀಟಿನಲ್ಲಿ ಕೂತಾಗ ಬಲಗಾಲಿನ ಪಕ್ಕ ಬರುವ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಬಾಗಿಲಿನಿಂದ ರಬ್ಬರ್ ಬೂಟ್ ಮೂಲಕ ಬರುವ ವೈರ್‌ಗಳೆಲ್ಲ ಇಲ್ಲಿ ಕಪ್ಲರಿಗೆ ಸೇರುತ್ತವೆ. ಅಳತೆಯನ್ನೂ ಜೋಡಣೆಯನ್ನೂ ಇಲ್ಲೇ ಮಾಡಿ. ಬೂಟಿನೊಳಗೆ ಅಥವಾ ಬಾಗಿಲಿನ ಒಳಗೆ ಜಾಯಿಂಟ್ ಮಾಡಿದರೆ ಬಾಗಿಲು ತೆಗೆದು ಹಾಕುವಾಗೆಲ್ಲ ಅದು ಬಾಗಿ, ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ.

ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಮೊನೆಯನ್ನು ಬಾಡಿಯ ಬೋಲ್ಟಿಗೆ ಹಿಡಿದು, ಕೆಂಪು ಮೊನೆಯನ್ನು ಕಪ್ಲರಿನ ಹಿಂಬದಿಯಿಂದ ಒಂದೊಂದೇ ವೈರ್‌ಗೆ ತಾಗಿಸಿ. ಇನ್ನೊಬ್ಬರು ಬಾಗಿಲಿನ ಲಾಕ್ ಗುಂಡಿಯನ್ನು ಒತ್ತಿ, ಎತ್ತಿ ಮಾಡುತ್ತಿರಲಿ. ಡಿಜಿಟಲ್ ಮೀಟರ್ ನಿಧಾನ. ಅರ್ಧ ಸೆಕೆಂಡಿನ ಪಲ್ಸನ್ನು ಪೂರ್ತಿ 12 ಎಂದು ತೋರಿಸದೆ 7 ಅಥವಾ 9ಕ್ಕೆ ಹಾರಿ ಇಳಿಯಬಹುದು. ಅಂಕಿ ಅಲುಗಿತೇ ಎಂಬುದನ್ನು ನೋಡಿ. ಮ್ಯಾಕ್ಸ್ ಹೋಲ್ಡ್ ಇರುವ ಮೀಟರಾದರೆ ಅದನ್ನು ಬಳಸಿ.

ಸುಮ್ಮನಿದ್ದಾಗ 5 ಅಥವಾ 12 ವೋಲ್ಟ್ ಇದ್ದು, ಲಾಕ್ ಮಾಡಿದಾಗ 0ಗೆ ಬೀಳುವ ವೈರ್ ಸಿಕ್ಕಿದರೆ ಅದು ನೆಗೆಟಿವ್ ಟ್ರಿಗರ್ (ಟ್ರಿಗರ್ ಎಂದರೆ ಲಾಕ್ ಯೂನಿಟ್‌ಗೆ ಆಜ್ಞೆ ಒಯ್ಯುವ ವೈರ್). ಅನ್‌ಲಾಕ್‌ಗೆ ಹೀಗೇ ಬೀಳುವ ಇನ್ನೊಂದು ವೈರ್ ಪಕ್ಕದಲ್ಲೇ ಇರುತ್ತದೆ. ನಮ್ಮಲ್ಲಿ ಓಡುವ ಜಪಾನಿ, ಕೊರಿಯನ್ ಮೂಲದ ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ. ಸುಮ್ಮನಿದ್ದಾಗ 0 ಇದ್ದು ಒತ್ತಿದಾಗ 12ಕ್ಕೆ ಏರಿದರೆ ಎರಡು ಸಾಧ್ಯತೆಗಳಿವೆ: ಪಾಸಿಟಿವ್ ಟ್ರಿಗರ್ ಆಗಿರಬಹುದು, ಇಲ್ಲವೇ ನೇರವಾಗಿ ಮೋಟಾರಿಗೆ ಹೋಗುವ ರಿವರ್ಸ್ ಪೋಲಾರಿಟಿ ವೈರ್ ಆಗಿರಬಹುದು. ಇವೆರಡನ್ನು ಗೊಂದಲ ಮಾಡಿಕೊಂಡಲ್ಲೇ ಹೆಚ್ಚು ಕಾರುಗಳು ಕೆಡುವುದು.

ಬೇರ್ಪಡಿಸುವುದು ಹೀಗೆ: ಮೀಟರನ್ನು ಓಮ್ಸ್‌ಗೆ ತಿರುಗಿಸಿ, ಯಾರೂ ಗುಂಡಿ ಒತ್ತದಿರುವಾಗ ಆ ವೈರ್ ಮತ್ತು ಬಾಡಿ ನಡುವೆ ಅಳೆಯಿರಿ. ಒಂದು ಓಮ್‌ಗಿಂತ ಕಡಿಮೆ ಬಂದರೆ ಆ ವೈರ್ ಸುಮ್ಮನಿದ್ದಾಗ ಅರ್ಥ್‌ನಲ್ಲೇ ಕೂತಿದೆ. ಹೆಚ್ಚುಕಡಿಮೆ ರಿವರ್ಸ್ ಪೋಲಾರಿಟಿಯೇ. ನೂರಾರು ಓಮ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪಾಸಿಟಿವ್ ಟ್ರಿಗರ್. ವೈರಿನ ದಪ್ಪವೂ ಸುಳಿವು ಕೊಡುತ್ತದೆ: ಮೋಟಾರಿಗೆ ಹೋಗುವುದು ದಪ್ಪ, ಟ್ರಿಗರ್ ತೆಳು.

ನೆಗೆಟಿವ್ ಟ್ರಿಗರ್ ಎಂದು ತೋರಿದ ವೈರನ್ನು ಖಚಿತಪಡಿಸಿಕೊಳ್ಳಲು 1 ಆಂಪಿಯರ್ ಫ್ಯೂಸಿನ ಜಂಪರ್ ಬಳಸಿ. ಒಂದು ತುದಿ ಬಾಡಿಗೆ, ಇನ್ನೊಂದು ತುದಿಯನ್ನು ವೈರ್‌ಗೆ ಕ್ಷಣಮಾತ್ರ ತಾಗಿಸಿ. ನಾಲ್ಕೂ ಬಾಗಿಲಿನ ಲಾಕ್ ಬಿದ್ದರೆ ಸರಿಯಾದ ವೈರ್. ಫ್ಯೂಸ್ ಹೋದರೆ ನೀವು ಹಿಡಿದದ್ದು ಬೇರೆ ಏನನ್ನೋ. ಕಾರು ಉಳಿಯಿತು, ಒಂದು ಚಿಕ್ಕ ಫ್ಯೂಸ್ ಹೋಯಿತು, ಅಷ್ಟೇ. ಮೀಟರಿನಲ್ಲಿ ಲಕ್ಷಣ ಕಾಣದ ವೈರ್‌ಗೆ ಮಾತ್ರ ಈ ಜಂಪರನ್ನು ಸುಮ್ಮನೆ ತಾಗಿಸಿ ನೋಡಬೇಡಿ.

ಇನ್ನೊಂದು ಬಗೆಯಿದೆ: ಲಾಕ್‌ಗೂ ಅನ್‌ಲಾಕ್‌ಗೂ ಒಂದೇ ವೈರ್, ಅದರ ವೋಲ್ಟೇಜ್ ಎರಡು ಬೇರೆ ಬೇರೆ ಮಟ್ಟಕ್ಕೆ ಇಳಿಯುತ್ತದೆ. ಸ್ವಿಚ್ಚಿನೊಳಗೆ ರೆಸಿಸ್ಟರ್ ಇರುತ್ತದೆ. ನೇರ ಅರ್ಥ್ ಕೊಟ್ಟರೆ ಇದು ಕೆಲಸ ಮಾಡುವುದಿಲ್ಲ. ಸ್ವಿಚ್ ಬಿಚ್ಚಿ ಅದರ ಓಮ್ಸ್ ಅಳೆದು, ಅಷ್ಟೇ ಬೆಲೆಯ ರೆಸಿಸ್ಟರನ್ನು ಎನ್‌ಒ ವೈರ್‌ಗೆ ಸೇರಿಸಬೇಕು.

ಜೋಡಣೆ

ಅಳತೆ ಮುಗಿಯಿತು ಎಂದಾದ ಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಏರ್‌ಬ್ಯಾಗ್ ಇರುವ ಕಾರಾದರೆ ಕನಿಷ್ಠ ಮೂರು ನಿಮಿಷ ಬಿಟ್ಟು ಕೈ ಹಾಕಿ. ಸ್ಟೀರಿಯೋಗೆ ಸೆಕ್ಯುರಿಟಿ ಕೋಡ್ ಇದ್ದರೆ ಬಿಚ್ಚುವ ಮುನ್ನವೇ ಅದು ಕೈಯಲ್ಲಿರಲಿ.

ನೆಗೆಟಿವ್ ಟ್ರಿಗರ್ ಸುಲಭ. ಯಾವ ವೈರನ್ನೂ ಕತ್ತರಿಸುವಂತಿಲ್ಲ. ಲಾಕ್ ಕಾಮನ್ ಕಾರಿನ ಲಾಕ್ ಟ್ರಿಗರಿಗೆ, ಅನ್‌ಲಾಕ್ ಕಾಮನ್ ಅನ್‌ಲಾಕ್ ಟ್ರಿಗರಿಗೆ, ಎರಡೂ ಎನ್‌ಒ ಬಾಡಿ ಅರ್ಥ್‌ಗೆ. ಎರಡೂ ಎನ್‌ಸಿ ವೈರ್‌ಗಳನ್ನು ಬೇರೆ ಬೇರೆಯಾಗಿ ಶ್ರಿಂಕ್ ಸ್ಲೀವ್ ಹಾಕಿ ಮುಚ್ಚಿಡಿ. ಎನ್‌ಸಿಯನ್ನು ಮರೆತು ಅರ್ಥ್‌ಗೆ ಕೊಟ್ಟರೆ ಲಾಕ್ ಮತ್ತು ಅನ್‌ಲಾಕ್ ಎರಡೂ ಸದಾ ಒತ್ತಿ ಹಿಡಿದಂತಾಗಿ ಕೀ ಕೂಡ ಕೆಲಸ ಮಾಡುವುದಿಲ್ಲ.

ಪಾಸಿಟಿವ್ ಟ್ರಿಗರಿಗೂ ಇದೇ ಕ್ರಮ. ಎರಡೂ ಎನ್‌ಒ ಅರ್ಥ್‌ನ ಬದಲು ಫ್ಯೂಸ್ ದಾಟಿ ಬಂದ 12 ವೋಲ್ಟಿಗೆ ಹೋಗುತ್ತವೆ.

ರಿವರ್ಸ್ ಪೋಲಾರಿಟಿಯಲ್ಲಿ ಮಾತ್ರ ಕತ್ತರಿಸಲೇಬೇಕು. ಎರಡೂ ವೈರ್‌ಗಳು ಸುಮ್ಮನಿದ್ದಾಗ ಕಾರಿನ ಸ್ವಿಚ್ ಅಥವಾ ಯೂನಿಟ್ ಮೂಲಕ ಅರ್ಥ್‌ನಲ್ಲಿರುತ್ತವೆ. ಕತ್ತರಿಸದೆ 12 ವೋಲ್ಟ್ ಕೊಟ್ಟರೆ ಅದು ನೇರ ಶಾರ್ಟ್: ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದಿದ್ದರೆ ವೈರಿಂಗ್ ಕರಗುತ್ತದೆ. ಲಾಕ್ ವೈರನ್ನು ಕತ್ತರಿಸಿ, ಯಾವ ತುಂಡು ಸ್ವಿಚ್ ಕಡೆಯದು, ಯಾವುದು ಮೋಟಾರ್ ಕಡೆಯದು ಎಂದು ಗುರುತು ಮಾಡಿ. ಗೊತ್ತಾಗದಿದ್ದರೆ ಎರಡೂ ತುದಿಗಳನ್ನು ದೂರ ಮಾಡಿ, ಬ್ಯಾಟರಿ ತಾತ್ಕಾಲಿಕವಾಗಿ ಕೊಟ್ಟು ಕಾರಿನ ಸ್ವಿಚ್ ಒತ್ತಿ: 12 ವೋಲ್ಟ್ ಕಾಣಿಸಿದ ತುಂಡು ಸ್ವಿಚ್ ಕಡೆಯದು. ಮೋಟಾರ್ ಕಡೆಯ ತುಂಡಿಗೆ ಕಾಮನ್, ಸ್ವಿಚ್ ಕಡೆಯ ತುಂಡಿಗೆ ಎನ್‌ಸಿ, ಎನ್‌ಒಗೆ 15 ಆಂಪಿಯರ್ ಫ್ಯೂಸಿನ 12 ವೋಲ್ಟ್. ಅನ್‌ಲಾಕ್ ವೈರ್‌ಗೂ ಅದೇ ಕ್ರಮ. ಹೀಗೆ ಮಾಡಿದರೆ ರಿಲೇ ಸುಮ್ಮನಿದ್ದಾಗ ಕಾರಿನ ಹಳೆಯ ದಾರಿ ಎನ್‌ಸಿ ಮೂಲಕ ಹಾಗೇ ಉಳಿಯುತ್ತದೆ, ಕೀ ಮತ್ತು ಗುಂಡಿ ಮೊದಲಿನಂತೆಯೇ ಕೆಲಸ ಮಾಡುತ್ತವೆ. ಇಲ್ಲಿ ನಾಲ್ಕು ಮೋಟಾರಿನ ಪೂರ್ತಿ ಕರೆಂಟ್ ಮಾಡ್ಯೂಲಿನ ರಿಲೇ ಮೇಲೆ ಬೀಳುವುದರಿಂದ 1.5 ಚದರ ಮಿಲಿಮೀಟರ್ ವೈರನ್ನೇ ಬಳಸಿ.

ಡ್ರೈವರ್ ಬಾಗಿಲಲ್ಲಿ ಮೋಟಾರೇ ಇಲ್ಲದಿದ್ದರೆ

ಕೆಲವು ಹಳೆಯ ಕಾರುಗಳಲ್ಲಿ ಡ್ರೈವರ್ ಬಾಗಿಲಲ್ಲಿ ಸ್ವಿಚ್ ಮಾತ್ರ ಇರುತ್ತದೆ. ಕೀ ತಿರುಗಿಸಿದಾಗ ಆ ಸ್ವಿಚ್ ಉಳಿದ ಮೂರು ಬಾಗಿಲುಗಳಿಗೆ ಹೇಳುತ್ತದೆ. ಇಲ್ಲಿ ಟ್ರಿಗರ್ ವೈರ್‌ಗೆ ಅಲಾರ್ಮ್ ಜೋಡಿಸಿದರೆ ಮೂರು ಬಾಗಿಲು ಲಾಕ್ ಆಗುತ್ತವೆ, ಡ್ರೈವರ್ ಬಾಗಿಲು ಲಾಕ್ ಆಗದೇ ಉಳಿಯುತ್ತದೆ. ಎಷ್ಟೋ ಸಲ ಸ್ವಿಚ್ ಅನ್‌ಲಾಕ್ ಸ್ಥಿತಿಯಲ್ಲೇ ಇರುವ ಕಾರಣ ಮೂರೂ ಕೂಡಲೇ ಮತ್ತೆ ತೆರೆದುಕೊಳ್ಳುತ್ತವೆ.

ಇದಕ್ಕೆ ನಾವು ಮೆಚ್ಚುವ ದಾರಿಯೆಂದರೆ ಡ್ರೈವರ್ ಬಾಗಿಲಿಗೆ ಎರಡು ವೈರಿನ ಒಂದು ಗನ್ ಹಾಕುವುದು. ಕಾರಿನ ಲಾಕ್ ವೈರಿಂಗನ್ನು ಮುಟ್ಟುವುದೇ ಬೇಡ. ಗನ್ನಿನ ಒಂದು ವೈರ್ ಲಾಕ್ ಕಾಮನ್‌ಗೆ, ಇನ್ನೊಂದು ಅನ್‌ಲಾಕ್ ಕಾಮನ್‌ಗೆ, ಎರಡೂ ಎನ್‌ಸಿ ಅರ್ಥ್‌ಗೆ, ಎರಡೂ ಎನ್‌ಒ ಫ್ಯೂಸಿನ 12 ವೋಲ್ಟಿಗೆ. ರಿಮೋಟ್ ಒತ್ತಿದಾಗ ಗನ್ ಡ್ರೈವರ್ ಬಾಗಿಲಿನ ರಾಡನ್ನು ತಳ್ಳುತ್ತದೆ, ಅದರೊಂದಿಗೆ ಕಂಪನಿಯ ಸ್ವಿಚ್ಚೂ ತಿರುಗುತ್ತದೆ, ಉಳಿದ ಮೂರಕ್ಕೆ ಕಾರು ತಾನೇ ಹೇಳಿಕೊಳ್ಳುತ್ತದೆ.

ಗನ್ ಕೂರಿಸುವಾಗ ಅದರ ಕಡ್ಡಿ ಕಾರಿನ ಲಾಕ್ ರಾಡ್‌ಗೆ ಸಮಾನಾಂತರವಾಗಿ, ಒಂದೇ ನೇರದಲ್ಲಿ ಚಲಿಸಬೇಕು. ಓರೆಯಾದರೆ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಲಾಕ್ ಗುಂಡಿ ಅರ್ಧ ಕೆಳಗಿರುವಾಗ ಗನ್ನಿನ ಕಡ್ಡಿಯೂ ಅರ್ಧ ಹೊರಗಿರುವಂತೆ ಕ್ಲ್ಯಾಂಪ್ ಬಿಗಿ ಮಾಡಿದರೆ ಎರಡೂ ಕಡೆಗೆ ಪೂರ್ತಿ ಚಲನೆ ಸಿಗುತ್ತದೆ. ಬಿಗಿ ಮಾಡುವ ಮೊದಲು ಗಾಜನ್ನು ಪೂರ್ತಿ ಇಳಿಸಿ, ಏರಿಸಿ, ಗನ್ನಿಗೆ ತಗುಲುವುದಿಲ್ಲ ಎಂದು ನೋಡಿ. ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ತೆಗೆದು ಹಾಗೆಯೇ ಮತ್ತೆ ಅಂಟಿಸಿ. ಅದಿಲ್ಲದಿದ್ದರೆ ಮಳೆಗಾಲದಲ್ಲಿ ಬಾಗಿಲೊಳಗಿನ ನೀರು ಪ್ಯಾಡ್ ಮೂಲಕ ಒಳಗೆ ಬರುತ್ತದೆ.

ಉಳಿದ ವೈರ್‌ಗಳು

ಪವರ್: ಕೆಂಪು ವೈರನ್ನು ಸದಾ 12 ವೋಲ್ಟ್ ಇರುವ ಕಡೆ ಕೊಡಿ. ಬ್ಯಾಟರಿಯಿಂದ ನೇರ ಎಳೆದರೆ ಟರ್ಮಿನಲ್‌ನಿಂದ ಒಂದು ಗೇಣಿನೊಳಗೇ ಫ್ಯೂಸ್ ಇರಲಿ. ಫ್ಯೂಸನ್ನು ಡ್ಯಾಶ್‌ಬೋರ್ಡ್ ಕಡೆ ಇಟ್ಟರೆ ನಡುವಿನ ವೈರ್ ಎಲ್ಲಿ ಸವೆದು ಬಾಡಿಗೆ ತಾಗಿದರೂ ಬೆಂಕಿಗೆ ದಾರಿ.

ಅರ್ಥ್: ಬಾಡಿಗೆ ಬೆಸೆದ ಬೋಲ್ಟ್ ಆರಿಸಿ, ಪೇಂಟ್ ಕೆರೆದು, ರಿಂಗ್ ಟರ್ಮಿನಲ್ ಹಾಕಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್‌ಗೆ ಹಾಕಿದ ಸ್ಕ್ರೂ ಅರ್ಥ್ ಆಗುವುದಿಲ್ಲ. ಲಾಕ್ ಬೀಳುವ ಕ್ಷಣದಲ್ಲಿ ಮಾಡ್ಯೂಲಿನ ಕಪ್ಪು ವೈರ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ಥ್ ಸರಿಯಾಗಿಲ್ಲ.

ಇಗ್ನಿಷನ್: ಕೀ ಆನ್ ಇದ್ದಾಗಲೂ, ಸೆಲ್ಫ್ ಹೊಡೆಯುವಾಗಲೂ 12 ವೋಲ್ಟ್ ಉಳಿಯುವ ವೈರ್ ಬೇಕು. ಸ್ಟೀರಿಯೋಗೆ ಹೋಗುವ ಎಸಿಸಿ (ಆಕ್ಸೆಸರಿ) ವೈರ್ ಸೆಲ್ಫ್ ಹೊಡೆದಾಗ ಸಾಯುತ್ತದೆ. ಅದಕ್ಕೆ ಜೋಡಿಸಿದರೆ ಗಾಡಿ ಸ್ಟಾರ್ಟ್ ಮಾಡುವ ಆ ಕ್ಷಣ ಮಾಡ್ಯೂಲಿಗೆ ಕೀ ತೆಗೆದಂತೆ ಕಾಣುತ್ತದೆ, ಕೆಲವು ಕಿಟ್‌ಗಳಲ್ಲಿ ಬಾಗಿಲು ತಾನಾಗೇ ತೆರೆದುಕೊಳ್ಳುತ್ತದೆ.

ಡೋರ್ ಸ್ವಿಚ್: ಬಾಗಿಲು ಮುಚ್ಚಿದಾಗ 12 ವೋಲ್ಟ್, ತೆರೆದಾಗ 0 ಬರುವ ವೈರ್ ಆದರೆ ಕಿಟ್‌ನ ನೆಗೆಟಿವ್ ಡೋರ್ ಇನ್‌ಪುಟ್‌ಗೆ ಕೊಡಿ, ತಿರುಗಾಮುರುಗ ಇದ್ದರೆ ಪಾಸಿಟಿವ್‌ಗೆ. ಎರಡರಲ್ಲಿ ಒಂದನ್ನು ಮಾತ್ರ ಬಳಸಿ. ರೂಫ್ ಲೈಟಿನ ವೈರ್ ಒಂದರಲ್ಲೇ ನಾಲ್ಕೂ ಬಾಗಿಲು ಸಿಗುವುದಾದರೆ ಸುಲಭ. ಪ್ರತಿ ಬಾಗಿಲಿಗೆ ಬೇರೆ ವೈರ್ ಇದ್ದರೆ ಒಂದೊಂದಕ್ಕೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 1ಎನ್4007 ಡಯೋಡ್ ಹಾಕಿ ಒಟ್ಟು ಸೇರಿಸಬೇಕು. ನೆಗೆಟಿವ್ ಬಗೆಯಲ್ಲಿ ಡಯೋಡಿನ ಬೆಳ್ಳಿ ಗೀರು ಬಾಗಿಲಿನ ಕಡೆಗಿರಲಿ. ಡಯೋಡ್ ಇಲ್ಲದೆ ಸೇರಿಸಿದರೆ ಒಂದು ಬಾಗಿಲು ತೆರೆದಾಗ ಎಲ್ಲವೂ ತೆರೆದಿವೆ ಎಂದು ಕಾರು ತಿಳಿಯುತ್ತದೆ.

ಇಂಡಿಕೇಟರಿನ ಎರಡು ವೈರ್ ಎಡ, ಬಲಕ್ಕೆ ಒಂದೊಂದು. ಎಡ, ಬಲದ ವೈರ್‌ಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟರೆ ತಿರುವಿನಲ್ಲಿ ಎರಡೂ ಕಡೆ ಮಿನುಗುತ್ತದೆ. ಮಾಡ್ಯೂಲಿನ ಆಂಟೆನಾ ವೈರನ್ನು ಸುತ್ತಿ ಕಟ್ಟದೆ, ಲೋಹಕ್ಕೆ ತಾಗಿಸದೆ ನೇರವಾಗಿ ಚಾಚಿಡಿ. ರಿಮೋಟ್ ಹತ್ತಿರ ಬಂದರೆ ಮಾತ್ರ ಕೆಲಸ ಮಾಡುತ್ತದೆ ಎಂಬ ದೂರಿಗೆ ಮೊದಲು ನೋಡಬೇಕಾದದ್ದು ಇದನ್ನೇ, ಆಮೇಲೆ ರಿಮೋಟಿನ ಸೆಲ್.

ಸೈರನ್ ಬಾನೆಟ್ ಒಳಗೆ, ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರ, ಬಾಯಿ ಕೆಳಮುಖ. ಮೇಲ್ಮುಖವಾಗಿ ಇಟ್ಟರೆ ನೀರು ನಿಂತು ಮೊದಲ ಮಳೆಗೇ ಗಂಟಲು ಕಟ್ಟುತ್ತದೆ. ವೈರನ್ನು ಫೈರ್‌ವಾಲ್‌ನಲ್ಲಿ ಈಗಾಗಲೇ ಇರುವ ರಬ್ಬರ್ ಗ್ರೋಮೆಟ್ ಮೂಲಕ ತನ್ನಿ, ಬರೀ ತಗಡಿನ ತೂತಿನಲ್ಲಿ ಬೇಡ. ಮಂಡ್ಯ ಸುತ್ತಮುತ್ತ ಗದ್ದೆ ಬಯಲಿನ ಪಕ್ಕ ಕಾರು ನಿಲ್ಲಿಸುವವರು ಸುರುಳಿ ಪೈಪ್ ಹಾಕಲೇಬೇಕು. ಇಲಿಗೆ ಸಿಕ್ಕ ಬರಿ ವೈರ್ ಉಳಿಯುವುದಿಲ್ಲ.

ಸೆಲ್ಫ್ ಕಟ್ ಮಾಡುವ ರಿಲೇ ಕಿಟ್ ಜೊತೆ ಬರುತ್ತದೆ. ಕಾರಿನಲ್ಲಿ ಕಂಪನಿ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಇದು ಬೇಡ. ಇಲ್ಲದಿದ್ದರೆ ಸೆಲ್ಫ್ ಮೋಟಾರಿನ ಟ್ರಿಗರ್ ವೈರ್‌ಗೆ ಮಾತ್ರ, 30 ಮತ್ತು 87ಎ ಪಿನ್ ಬಳಸಿ ಹಾಕಿ. ಆಗ ಮಾಡ್ಯೂಲ್ ಕೆಟ್ಟರೂ ಗಾಡಿ ಸ್ಟಾರ್ಟ್ ಆಗುತ್ತದೆ. ಫ್ಯೂಯಲ್ ಪಂಪ್ ಅಥವಾ ಇಗ್ನಿಷನ್ ಕಾಯಿಲ್ ವೈರ್ ಕತ್ತರಿಸಿ ರಿಲೇ ಹಾಕುವವರಿದ್ದಾರೆ. ಅದಕ್ಕೆ ಒಪ್ಪಲೇಬೇಡಿ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಓಡುವಾಗ ಆ ರಿಲೇ ಸಡಿಲವಾದರೆ ಎಂಜಿನ್ ಅಲ್ಲೇ ನಿಲ್ಲುತ್ತದೆ, ಬ್ರೇಕ್ ಮತ್ತು ಸ್ಟೇರಿಂಗ್ ಗಡುಸಾಗುತ್ತವೆ.

ಬೆಸುಗೆ ಹಾಕುವ ಬಗೆ

ಕತ್ತರಿಸದ ವೈರ್‌ಗೆ ಕವಲು ಸೇರಿಸುವಾಗ ಒಂದು ಸೆಂಟಿಮೀಟರ್ ಪ್ಲಾಸ್ಟಿಕ್ ಮಾತ್ರ ಸುಲಿಯಿರಿ, ಒಳಗಿನ ಎಳೆ ತುಂಡಾಗಬಾರದು. ಎಳೆಗಳನ್ನು ಸೂಜಿಯಿಂದ ಎರಡು ಭಾಗವಾಗಿ ಬಿಡಿಸಿ, ನಡುವೆ ಹೊಸ ವೈರ್ ತೂರಿಸಿ, ನಾಲ್ಕು ಸುತ್ತು ಸುತ್ತಿ. ಐರನ್ನಿನ ತುದಿಯನ್ನು ವೈರ್ ಕೆಳಗಿಟ್ಟು, ಲೆಡ್ಡನ್ನು ಮೇಲಿಂದ ವೈರ್‌ಗೇ ತಾಗಿಸಿ. ವೈರ್ ಬಿಸಿಯಾದ ಮೇಲೆ ಲೆಡ್ ತಾನೇ ಎಳೆಗಳೊಳಗೆ ಇಳಿದು ಹೊಳೆಯುತ್ತದೆ. ಮೇಲೆ ಮುದ್ದೆಯಾಗಿ, ಮಂಕಾಗಿ ಕೂತರೆ ಅದು ಹಿಡಿದಿಲ್ಲ, ಮತ್ತೆ ಮಾಡಿ. ತಣ್ಣಗಾದ ಮೇಲೆ ಬಟ್ಟೆ ಟೇಪ್ ಸುತ್ತಿ, ಎರಡೂ ತುದಿಗೆ ಕೇಬಲ್ ಟೈ. ವೈರ್ ಮೇಲೆ ಒತ್ತಿ ಕೂರಿಸುವ ನೀಲಿ ಕ್ಲಿಪ್‌ಗಳು ಬೇಗ ಆಗುತ್ತವೆ ನಿಜ, ಆದರೆ ಕಂಪನಕ್ಕೆ ಸಡಿಲವಾಗಿ, ಕೆಲವೊಮ್ಮೆ ಹಿಡಿದು ಕೆಲವೊಮ್ಮೆ ಬಿಡುವ ದೋಷ ತರುತ್ತವೆ. ಅಂಥ ದೋಷ ಹುಡುಕುವುದು ಇಡೀ ಕಿಟ್ ಹಾಕುವುದಕ್ಕಿಂತ ಕಷ್ಟ.

ಮುಚ್ಚುವ ಮೊದಲು ಪರೀಕ್ಷೆ

ಗಾಜು ಇಳಿಸಿ, ಒಂದು ಕೀ ಕಾರಿನ ಹೊರಗೆ ಇಟ್ಟುಕೊಂಡು ಬ್ಯಾಟರಿ ಕೊಡಿ. ಹೊರಗೇ ಉಳಿದು ಲಾಕ್ ಆಗಿಬಿಡುವುದನ್ನು ತಪ್ಪಿಸಲು ಈ ಮಾತು.

ಲಾಕ್ ಒತ್ತಿದರೆ ಅನ್‌ಲಾಕ್ ಆಗುತ್ತಿದ್ದರೆ ಎರಡು ಕಾಮನ್ ಅದಲುಬದಲಾಗಿವೆ. ರಿವರ್ಸ್ ಪೋಲಾರಿಟಿಯಾದರೆ ಎನ್‌ಸಿಗಳನ್ನೂ ಜೊತೆಗೇ ಬದಲಿಸಿ. ಲಾಕ್ ಬಿದ್ದು ತಕ್ಷಣ ತೆರೆದುಕೊಂಡರೆ ಡ್ರೈವರ್ ಬಾಗಿಲಿನ ಗನ್ ದಾರಿ ಪೂರ್ತಿ ಹೋಗುತ್ತಿಲ್ಲ. ಸ್ವಿಚ್ ಇನ್ನೂ ಅನ್‌ಲಾಕ್ ಎನ್ನುತ್ತಿದೆ. ರಾಡಿಗೆ ಗ್ರೀಸ್ ಹಾಕಿ, ಗನ್ನಿನ ಜಾಗ ಸರಿಮಾಡಿ. ರಿಮೋಟ್ ಕೆಲಸ ಮಾಡಿ ಕೀ ಕೆಲಸ ಮಾಡದಿದ್ದರೆ ಎನ್‌ಸಿ ಜಾಯಿಂಟ್ ಬಿಟ್ಟಿದೆ. ಲಾಕ್ ಮಾಡಿದಾಗ ಎಂದಿನದಕ್ಕಿಂತ ಹೆಚ್ಚು ಸಲ ಬೀಪ್ ಬಂದರೆ ಯಾವುದೋ ಬಾಗಿಲು ಅಥವಾ ಬಾನೆಟ್ ತೆರೆದಿದೆ ಎಂದು ಮಾಡ್ಯೂಲ್ ತಿಳಿದಿದೆ: ಡೋರ್ ಇನ್‌ಪುಟ್ ತಪ್ಪಾಗಿರಬಹುದು, ತುಕ್ಕು ಹಿಡಿದ ಸ್ವಿಚ್ ಇರಬಹುದು, ರೂಫ್ ಲೈಟ್ ನಿಧಾನವಾಗಿ ಆರುವ ಕಾರಾದರೆ ಅದು ಆರುವವರೆಗೂ ಹೀಗೇ.

ಆಮೇಲೆ ಬ್ಯಾಟರಿ ಇಳಿತ ಅಳೆಯಿರಿ. ಮೀಟರನ್ನು 10 ಆಂಪಿಯರಿಗೆ ಇಟ್ಟು ಬ್ಯಾಟರಿ ನೆಗೆಟಿವ್ ಮತ್ತು ಅದರ ಕೇಬಲ್ ನಡುವೆ ಸೇರಿಸಿ, ಬಾಗಿಲು ಲಾಕ್ ಮಾಡಿ, ಇಪ್ಪತ್ತು ನಿಮಿಷ ಬಿಡಿ. ಈ ಸ್ಥಿತಿಯಲ್ಲಿ ಕೀ ಆನ್ ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಒಟ್ಟು 50 ಮಿಲಿಆಂಪಿಯರ್ ಒಳಗಿದ್ದರೆ ಸರಿ. 50ರ ಲೆಕ್ಕದಲ್ಲೇ ದಿನಕ್ಕೆ 1.2 ಆಂಪಿಯರ್ ಅವರ್ ಇಳಿಯುತ್ತದೆ. 35 ಆಂಪಿಯರ್ ಅವರ್ ಬ್ಯಾಟರಿ ಎರಡು ವಾರದಲ್ಲಿ ಅರ್ಧವಾಗುತ್ತದೆ. ಊರಿಗೆ ಹೋಗಿ ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ನೆಗೆಟಿವ್ ಬಿಚ್ಚಿಡುವುದು ಒಳ್ಳೆಯದು.

ಶಾಕ್ ಸೆನ್ಸರ್

ಇದನ್ನು ಸ್ಟೇರಿಂಗ್ ಕೆಳಗಿನ ಲೋಹದ ಪಟ್ಟಿಗೆ ಗಟ್ಟಿಯಾಗಿ ಕಟ್ಟಿ. ಜೋತುಬಿದ್ದ ವೈರಿಂಗ್ ಕಟ್ಟಿಗೆ ಕಟ್ಟಿದರೆ ಬೇಕಾದಾಗ ಕೂಗುವುದಿಲ್ಲ, ಬೇಡದಾಗ ಕೂಗುತ್ತದೆ. ತಿರುಪನ್ನು ಕನಿಷ್ಠಕ್ಕೆ ತಂದು, ಆರ್ಮ್ ಮಾಡಿ ಅರ್ಧ ನಿಮಿಷ ಕಾದು, ಬಾಗಿಲ ಕಂಬಕ್ಕೆ ಅಂಗೈಯಿಂದ ತಟ್ಟಿ. ಸುಮಾರಾದ ಪೆಟ್ಟಿಗೆ ಎಚ್ಚರಿಕೆಯ ಬೀಪ್, ಗಟ್ಟಿ ಪೆಟ್ಟಿಗೆ ಪೂರ್ತಿ ಸೈರನ್ ಬರುವವರೆಗೆ ಕಾಲು ಸುತ್ತಿನಂತೆ ಏರಿಸಿ.

ಮೈಸೂರಿನ ಕುವೆಂಪುನಗರದ ಒಳರಸ್ತೆಯಲ್ಲಿ ಸರಿಯೆನಿಸಿದ ಸೆಟ್ಟಿಂಗ್ ಮಂಡ್ಯದಲ್ಲಿ ಕಬ್ಬು ಅರೆಯುವ ಹಂಗಾಮಿನಲ್ಲಿ ಉಳಿಯುವುದಿಲ್ಲ. ಲೋಡ್ ಆದ ಟ್ರ್ಯಾಕ್ಟರ್, ಲಾರಿ ಪಕ್ಕದಲ್ಲಿ ಹಾದರೆ ನೆಲವೇ ನಡುಗುತ್ತದೆ. ಮುಖ್ಯರಸ್ತೆ ಬದಿ ನಿಲ್ಲಿಸುವವರು ಅರ್ಧ ಸುತ್ತು ಕಡಿಮೆ ಇಡಿ. ದಸರೆಯ ದಿನ ಅರಮನೆ ಸುತ್ತಮುತ್ತ ಕಾರು ಬಿಟ್ಟು ಜಂಬೂಸವಾರಿ ನೋಡಲು ಹೋಗುವವರಿಗೆ 21 ಸುತ್ತಿನ ಕುಶಾಲತೋಪಿನ ಸದ್ದೇ ಸಾಕು ಸೈರನ್ ಕೂಗಲು, ದೀಪಾವಳಿಯ ಪಟಾಕಿಯೂ ಅಷ್ಟೇ. ಹೆಚ್ಚಿನ ರಿಮೋಟ್‌ಗಳಲ್ಲಿ ಶಾಕ್ ಸೆನ್ಸರನ್ನು ಆ ಒಂದು ಸಲಕ್ಕೆ ಬಿಟ್ಟು ಆರ್ಮ್ ಮಾಡುವ ಒತ್ತುವಿಕೆ ಇರುತ್ತದೆ. ಚೀಟಿ ನೋಡಿ ಅದನ್ನು ಕಲಿತಿಡಿ. 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಬೆಕ್ಕು ಹಾರಿದರೂ ಅರಚುವ ಅಲಾರ್ಮ್‌ಗೆ ಅಕ್ಕಪಕ್ಕದವರು ಮೂರನೇ ರಾತ್ರಿ ಕಿಟಕಿಯನ್ನೂ ತೆರೆಯುವುದಿಲ್ಲ. ನಿಜವಾಗಿ ಕಳ್ಳ ಬಂದಾಗಲೂ ಅದೇ ಆಗುತ್ತದೆ.

ವ್ಯಾಲೆ ಬಟನ್ ಎಲ್ಲಿ ಅಡಗಿಸಿದ್ದೀರಿ, ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ, ಫ್ಯೂಸ್ ಎಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಆರ್‌ಸಿ ಜೊತೆ ಇಡಿ, ಕಾರಿನಲ್ಲಿ ಬೇಡ. ಗಾಡಿ ಸರ್ವೀಸಿಗೆ ಬಿಡುವಾಗ ವ್ಯಾಲೆ ಮೋಡಿಗೆ ಹಾಕಿ ಕೊಡಿ. ಬ್ಯಾಟರಿ ಬಿಚ್ಚಿ ಮತ್ತೆ ಕೊಟ್ಟಾಗ ಎಷ್ಟೋ ಮಾಡ್ಯೂಲ್‌ಗಳು ಆರ್ಮ್ ಆದ ಸ್ಥಿತಿಯಲ್ಲೇ ಎಚ್ಚರಾಗಿ ಸೈರನ್ ಹೊಡೆಯುತ್ತವೆ, ಆಗ ರಿಮೋಟ್ ನಿಮ್ಮ ಜೇಬಿನಲ್ಲಿರುತ್ತದೆ.